ಪರದೇಶಿ ಹಾಫ್‌ಕಿನ್

ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿಯ ನಾಡನ್ನು ಹಾಯ್ದು ಬರುವ ಘಟಪ್ರಭೆಯು ಗೋಕಾಕದ ಬಳಿ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಮುಂದೆ ಬಯಲಿಗಿಳಿದು, ಮೂಡಲಗಿ ಸೀಮೆಯ ಹಳ್ಳಿಗಳಿಗೆ ನೀರುಣಿಸಿ, ಕೊನೆಗೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಜಲಪಾತವನ್ನು ನೋಡಲು ಬರುವವರಿಗೆ ಲೆಕ್ಕವಿಲ್ಲ. ಆದರೆ ಹೊಳೆಯ ದಂಡೆಯಲ್ಲಿಯೇ ಬಾಳಿ ಬದುಕುವವರಿಗೆ ನೀರು ಕೇವಲ ಚೆಲುವಿನ ವಸ್ತುವಲ್ಲ. ಅದು ಅನ್ನವೂ ಹೌದು, ಒಮ್ಮೊಮ್ಮೆ ಆಪತ್ತೂ ಹೌದು.

ನಮ್ಮ ಹಿರಿಯರು ಈ ಆಪತ್ತನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿ, ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಬೇಕಾದ ದಿನಗಳು; ಜಾತ್ರೆಗೆ ನೆರೆದ ಸಾವಿರಾರು ಜನರು ಒಂದೇ ಮಡುವಿನಲ್ಲಿ ಮಿಂದು, ಅದೇ ನೀರನ್ನು ಕುಡಿದು, ಅದರಲ್ಲಿಯೇ ಅಡಿಗೆ ಮಾಡಿ ಉಂಡು ಊರಿಗೆ ಮರಳುವ ದಿನಗಳು; ಇವುಗಳ ಬೆನ್ನ ಹಿಂದೆಯೇ ಪಟಕಿ ಬರುತ್ತಿತ್ತು. ವೈದ್ಯರು ಕಾಲರಾ ಎಂದು ಕರೆಯುವ ವಾಂತಿಭೇದಿಗೆ ನಮ್ಮ ಕಡೆ ಇದ್ದ ಹೆಸರು ಅದು. ಮುಂಜಾನೆ ನೇಗಿಲು ಹೊತ್ತು ಹೋದ ಗಟ್ಟಿ ಆಳು ಹೊತ್ತು ಮುಳುಗುವುದರೊಳಗೆ ಕಣ್ಣು ಗುಳಿಬಿದ್ದು, ಬೆರಳು ಸುಕ್ಕುಗಟ್ಟಿ ಪ್ರಾಣ ಬಿಡುತ್ತಿದ್ದನು. ಹೊತ್ತು ಹೋದವರು ಮನೆಗೆ ಬರುವಷ್ಟರಲ್ಲಿ ಮತ್ತೊಬ್ಬನು ಚಟ್ಟವೇರಲು ಸಿದ್ಧನಾಗಿರುತ್ತಿದ್ದನು. ಊರಮ್ಮನಿಗೆ ಹರಕೆ ಹೊತ್ತು, ಬೇನೆಯನ್ನು ಸೀಮೆ ದಾಟಿಸುವುದೊಂದೇ ಜನರಿಗೆ ತಿಳಿದ ದಾರಿಯಾಗಿತ್ತು.

ಈ ಬೇನೆಯ ಬೆನ್ನಟ್ಟಿ ಯುರೋಪಿನಿಂದ ಭರತಖಂಡದವರೆಗೆ ಬಂದು, ತನ್ನ ಜೀವಮಾನದ ಸಾರವನ್ನೆಲ್ಲ ಇಲ್ಲಿ ಸುರಿದು, ಅದಕ್ಕೆ ಪ್ರತಿಯಾಗಿ ಬಿರುದನ್ನೂ ಕಳಂಕವನ್ನೂ ಒಟ್ಟಿಗೆ ಹೊತ್ತುಕೊಂಡು ಹೋದ ಒಬ್ಬ ಮನುಷ್ಯನಿದ್ದನು. ಮುಂಬಯಿಯ ಪರೇಲ್ ಬಡಾವಣೆಯಲ್ಲಿ ಆತನ ಹೆಸರಿನ ಸಂಸ್ಥೆಯೊಂದಿದೆ. ತರಗತಿಯಲ್ಲಿ ನಾನೊಮ್ಮೆ ಹಾಫ್‌ಕಿನ್ ಎಂಬುದು ಊರೋ, ಮನುಷ್ಯನೋ, ಔಷಧಿಯೋ ಎಂದು ಕೇಳಿದಾಗ ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ತಪ್ಪು ಅವರದಲ್ಲ. ನಾವು ಹೇಳಿಕೊಟ್ಟಿದ್ದರಲ್ಲವೆ ಅವರು ಅರಿಯುವುದು? ಆ ಋಣವನ್ನು ತೀರಿಸುವುದಕ್ಕಾಗಿ ಈ ಬರಹ.

ವಾಲ್ಡೆಮಾರ್ ಹಾಫ್‌ಕಿನ್ನನು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ಒಂದು ಯೆಹೂದಿ ಮನೆತನದಲ್ಲಿ ಹುಟ್ಟಿದನು. ಆಗ ಅದು ರಷ್ಯದ ಝಾರ್ ದೊರೆಯ ಆಳ್ವಿಕೆಗೆ ಸೇರಿತ್ತು. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಆತನಿಗೆ ಇಲ್ಯಾ ಮೆಚ್ನಿಕಾಫ್‌ನಂಥ ಗುರು ದೊರೆತನು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ಕಂಡುಹಿಡಿದು ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಮಹಾನುಭಾವನೇ ಈತ. ಶಿಷ್ಯನಿಗೆ ಪ್ರಾಣಿಶಾಸ್ತ್ರದಲ್ಲಿ ಎಷ್ಟು ಆಸಕ್ತಿಯೋ ಅಷ್ಟೇ ಆಸಕ್ತಿ ದೊರೆತನದ ವಿರುದ್ಧದ ಕ್ರಾಂತಿಕಾರಿಗಳ ಕೂಟದಲ್ಲಿಯೂ ಇತ್ತು. 1881ರಲ್ಲಿ ಒಡೆಸ್ಸಾದ ಯೆಹೂದಿಯರ ಮೇಲೆ ಗುಂಪುಗಳು ಏರಿ ಬಂದಾಗ, ತನ್ನವರ ರಕ್ಷಣೆಗೆ ನಿಂತ ದಳದಲ್ಲಿ ಹಾಫ್‌ಕಿನ್ನನೂ ಇದ್ದನು. ಗಾಯಗೊಂಡನು, ಸೆರೆಯಾದನು. ಮೆಚ್ನಿಕಾಫ್‌ನು ನಡುವೆ ಬಂದು ಬಿಡಿಸದೆ ಇದ್ದಿದ್ದರೆ ಆತನ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಓದು ಮುಗಿಯಿತು, ಪಾಂಡಿತ್ಯವೂ ಬಂದಿತು. ಆದರೆ ಯೆಹೂದಿಯಾಗಿರುವತನಕ ಪ್ರಾಧ್ಯಾಪಕನ ಪೀಠ ದೊರೆಯುವಂತಿರಲಿಲ್ಲ. ಮತವನ್ನು ಬಿಟ್ಟರೆ ಪೀಠ. ಬಿಡದಿದ್ದರೆ ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದ ಒಂದು ಮೂಲೆ. ಹಾಫ್‌ಕಿನ್ನನು ಮತವನ್ನು ಬಿಡಲಿಲ್ಲ. 1888ರಲ್ಲಿ ದೇಶವನ್ನೇ ಬಿಟ್ಟನು. ಕೆಲವು ಕಾಲ ಜಿನೀವಾದಲ್ಲಿದ್ದು ಮರುವರ್ಷ ಪ್ಯಾರಿಸ್ಸಿಗೆ ಬಂದನು. ಅಲ್ಲಿ ಲೂಯಿ ಪಾಸ್ಚರನ ಹೊಸ ಸಂಸ್ಥೆಯಲ್ಲಿ ಗುರು ಮೆಚ್ನಿಕಾಫ್‌ನು ಮೊದಲೇ ನೆಲೆಸಿದ್ದನು. ಶಿಷ್ಯನಿಗಾಗಿ ಗುರುವು ಹುಡುಕಿದಾಗ ಖಾಲಿ ಇದ್ದುದು ಗ್ರಂಥಭಂಡಾರದ ಕೆಲಸವೊಂದೇ. ಹಾಫ್‌ಕಿನ್ನನು ಹಿಂದೆಗೆಯಲಿಲ್ಲ. ಪುಸ್ತಕಗಳನ್ನು ಜೋಡಿಸುತ್ತ, ಬಿಡುವಿನಲ್ಲಿ ಪಿಟೀಲು ಬಾರಿಸುತ್ತ, ಸಿಕ್ಕ ಹೊತ್ತನ್ನೆಲ್ಲ ಪ್ರಯೋಗಶಾಲೆಯಲ್ಲಿ ಕಳೆಯುತ್ತ ಕಾದನು.

ಆ ಕಾಲದಲ್ಲಿ ಪಟಕಿಯ ಬೀಜವೇನೆಂಬುದು ತಿಳಿದಿತ್ತು. ಜರ್ಮನಿಯ ರಾಬರ್ಟ್ ಕಾಖ್‌ನು ಕಲ್ಕತ್ತೆಗೆ ಬಂದು, 1884ರಲ್ಲಿ ರೋಗಿಗಳ ಕರುಳಿನಲ್ಲಿಯೂ ಬಡವರು ಬಳಸುವ ಕೆರೆಯೊಂದರ ನೀರಿನಲ್ಲಿಯೂ ಬಾಗಿದ ಅಲ್ಪವಿರಾಮದ ಆಕಾರದ ಸೂಕ್ಷ್ಮಜೀವಿಯನ್ನು ತೋರಿಸಿದ್ದನು. ಸ್ಪೇನ್ ದೇಶದ ಫೆರಾನ್ ಎಂಬುವನು 1885ರಲ್ಲಿ ಈ ಜೀವಿಯನ್ನೇ ಜನರಿಗೆ ಚುಚ್ಚಿ ತಡೆಗಟ್ಟಲು ಹೊರಟಿದ್ದನು. ಆದರೆ ಆತನ ಮದ್ದಿನ ಬಲವು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಈ ತೊಡಕನ್ನು ಬಿಡಿಸುವುದಕ್ಕೆ ಹಾಫ್‌ಕಿನ್ನನು ಕೈಹಾಕಿದನು.

ಆತನು ಹಿಡಿದ ದಾರಿಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ರೋಗಾಣುವು ಕಲ್ಲಿನಂತೆ ಯಾವಾಗಲೂ ಒಂದೇ ಬಗೆಯಾಗಿರುವ ವಸ್ತುವಲ್ಲ. ತಾನು ಹೊಕ್ಕ ಒಡಲಿಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬುದು ಪಾಸ್ಚರನ ಬಳಗದವರು ಕಂಡುಕೊಂಡ ಸತ್ಯ. ಹಾಫ್‌ಕಿನ್ನನು ಪಟಕಿಯ ಅಣುವನ್ನು ಗಿನಿ ಇಲಿಯ ಹೊಟ್ಟೆಯ ಪೊಳ್ಳಿನಲ್ಲಿ ಬಿಟ್ಟನು. ಅದು ಸತ್ತ ಬಳಿಕ ಅಲ್ಲಿಯ ರಸವನ್ನು ತೆಗೆದು, ಕೆಲವು ಗಂಟೆ ಗಾಳಿಗೆ ಇರಿಸಿ, ಇನ್ನೊಂದು ಇಲಿಗೆ ಚುಚ್ಚಿದನು, ಅದರಿಂದ ಮತ್ತೊಂದಕ್ಕೆ. ಹೀಗೆ ಒಂದರಿಂದೊಂದಕ್ಕೆ 39 ಸಲ ದಾಟಿಸಿದ ಮೇಲೆ ಅಣುವಿನ ಉಗ್ರತೆ ಬಹಳ ಪಟ್ಟು ಏರಿ, ಒಂದು ಮಟ್ಟದಲ್ಲಿ ನಿಂತಿತು. ಇನ್ನೊಂದು ಕಡೆ ಅದೇ ಅಣುವನ್ನು 39 ಡಿಗ್ರಿ ಶಾಖದಲ್ಲಿ, ಎಡೆಬಿಡದೆ ಗಾಳಿಯಾಡುವಂತೆ ಮಾಡಿ ಬೆಳೆಸಿದಾಗ ಅದು ಸಪ್ಪೆಯಾಯಿತು. ಮೊದಲು ಸಪ್ಪೆಯಾದುದನ್ನು ಚುಚ್ಚಿ, ಕೆಲವು ದಿನಗಳ ಬಳಿಕ ಉಗ್ರವಾದುದನ್ನು ಚುಚ್ಚಿದರೆ ಪ್ರಾಣಿಯು ರೋಗವನ್ನು ತಾಳಿಕೊಳ್ಳುತ್ತಿತ್ತು. ಮದ್ದಿನ ಬಲಕ್ಕೆ ಒಂದು ಅಳತೆ ದೊರೆತಂತಾಯಿತು.

ಅಂದು ಹಾಫ್‌ಕಿನ್ನನಿಗೆ ಕಂಡುದು ಫಲ ಮಾತ್ರ. ಅದರ ಬೇರು ತಿಳಿಯಲು ಮುಂದೆ ನೂರು ವರ್ಷಗಳೇ ಬೇಕಾದವು. ಈಗ ವಿಜ್ಞಾನಿಗಳು ಹೇಳುವ ಕಥೆ ಯಾವ ಪುರಾಣಕ್ಕೂ ಕಡಿಮೆಯಲ್ಲ. ಈ ಅಣುವಿನ ಸಹಜವಾದ ಮನೆಯೆಂದರೆ ಕಡಲು ಸೇರುವ ಹೊಳೆಗಳ ಸವಳು ನೀರು. ಅಲ್ಲಿ ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಜಲಚರಗಳ ಚಿಪ್ಪಿಗೆ ಅಂಟಿಕೊಂಡು ಬಾಳುತ್ತದೆ. ನೀರಿನಲ್ಲಿಯೋ ತಂಗಳಿನಲ್ಲಿಯೋ ಸೇರಿ ಮನುಷ್ಯನ ಹೊಟ್ಟೆಗೆ ಬಂದಾಗ ಜಠರದ ಆಮ್ಲವು ಬಹುಪಾಲನ್ನು ಕೊಂದುಬಿಡುತ್ತದೆ. ಅಳಿದುಳಿದವು ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿಯ ಪಿತ್ತರಸ, ಉಪ್ಪು, ಶಾಖ ಮೊದಲಾದವುಗಳಿಂದ ತಾನೀಗ ನೀರಿನಲ್ಲಿಲ್ಲ, ಒಡಲಿನಲ್ಲಿದ್ದೇನೆ ಎಂಬುದನ್ನು ಅಣುವು ಗುರುತಿಸುತ್ತದೆ. ಒಡನೆಯೇ ಹಳೆಯ ಬಾಳುವೆಯ ಸಲಕರಣೆಗಳನ್ನು ಬದಿಗಿರಿಸಿ ಹೊಸವನ್ನು ಹೊರತೆಗೆಯುತ್ತದೆ. ಬಾಲದಂಥ ಒಂದೇ ಎಳೆಯಿಂದ ಈಜಿ ಕರುಳಿನ ಲೋಳೆಯನ್ನು ಭೇದಿಸುತ್ತದೆ. ಕೂದಲಿನಂಥ ನವಿರು ಎಳೆಗಳನ್ನು ಚಾಚಿ ತನ್ನವರೊಡನೆ ಗುಂಪುಗೂಡಿ ನೆಲೆಯೂರುತ್ತದೆ. ಆಮೇಲೆ ನಂಜನ್ನು ಬಿಡುತ್ತದೆ. ಆ ನಂಜು ತಾಕಿದ ಕರುಳು ಮೈಯ ನೀರನ್ನೂ ಉಪ್ಪನ್ನೂ ತಡೆಯಿಲ್ಲದೆ ಹೊರಕ್ಕೆ ಸುರಿಯುತ್ತದೆ. ಗಂಜಿಯ ತಿಳಿಯಂಥ ಭೇದಿಯ ಗುಟ್ಟು ಇದೇ.

ಈ ನಂಜು ಇದೆಯೆಂಬುದನ್ನು 1959ರಲ್ಲಿ ಮೊಲದ ಕರುಳಿನ ಪ್ರಯೋಗದಿಂದ ಸ್ಥಾಪಿಸಿದವರು ಕಲ್ಕತ್ತೆಯ ಶಂಭುನಾಥ ಡೇ ಅವರು. ನಂಜನ್ನು ತಯಾರಿಸುವ ವಿದ್ಯೆಯೂ ಅಣುವಿನ ಸ್ವಂತದ್ದಲ್ಲ. ಅದರೊಳಗೆ ಹೊಕ್ಕ ಒಂದು ವೈರಸ್ಸು ತಂದಿತ್ತ ಎರವಲು ಎಂಬುದು 1996ರಲ್ಲಿ ತಿಳಿಯಿತು. ಹಾಫ್‌ಕಿನ್ನನ ಗಿನಿ ಇಲಿಗಳನ್ನು ನೆನಪಿಗೆ ತರುವ ಮತ್ತೊಂದು ಸಂಗತಿಯೂ ಇದೆ. ರೋಗಿಯ ಮೈಯಿಂದ ಆಗತಾನೆ ಹೊರಬಿದ್ದ ಅಣುಗಳು ಪ್ರಯೋಗಶಾಲೆಯ ಗಾಜಿನಲ್ಲಿ ಬೆಳೆದವುಗಳಿಗಿಂತ ಬಹುಪಟ್ಟು ಸುಲಭವಾಗಿ ಇನ್ನೊಂದು ಒಡಲನ್ನು ಹಿಡಿಯುತ್ತವೆಯೆಂದು 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಇಲಿಯ ಹೊಟ್ಟೆಯ ಪೊಳ್ಳು ಬೇರೆ, ಮನುಷ್ಯನ ಕರುಳಿನ ಒಳಭಾಗ ಬೇರೆ. ಎರಡನ್ನೂ ಒಂದೇ ಎನ್ನಲಾಗದು. ಆದರೂ ಒಡಲಿನಿಂದ ಒಡಲಿಗೆ ದಾಟಿದ ಅಣುವು ಒಡಲಿಗೆ ಪಳಗುತ್ತದೆಂಬ ಮಾತು ಎರಡು ಕಡೆಯೂ ನಿಜವಾಯಿತು. ಜಾತ್ರೆಯ ಮಡುವಿನಲ್ಲಿ ಒಬ್ಬನಿಂದ ಹತ್ತು ಜನಕ್ಕೆ, ಹತ್ತರಿಂದ ನೂರಕ್ಕೆ ಬೇನೆಯು ಕಾಳ್ಗಿಚ್ಚಿನಂತೆ ಹಬ್ಬುತ್ತಿದ್ದ ಬಗೆಗೆ ಇದೂ ಒಂದು ಕಾರಣವಾಗಿರಬೇಕು.

ಮತ್ತೆ ಪ್ಯಾರಿಸ್ಸಿಗೆ ಬರೋಣ. 1892ರ ಜುಲೈ 18ರಂದು ಹಾಫ್‌ಕಿನ್ನನು ತನ್ನ ಮದ್ದನ್ನು ತಾನೇ ಚುಚ್ಚಿಕೊಂಡನು. ಜ್ವರ ಬಂದಿತು, ಬಿಟ್ಟಿತು. ಕೆಲವು ದಿನಗಳ ಬಳಿಕ ಉಗ್ರವಾದ ಎರಡನೆಯದನ್ನೂ ಚುಚ್ಚಿಕೊಂಡು ಬದುಕಿ ಉಳಿದನು. ಅದೇ ವರ್ಷ ಮ್ಯೂನಿಕ್ ನಗರದಲ್ಲಿ ಮುದುಕ ಪೆಟೆನ್‌ಕೋಫರನು, ಅಣುವೊಂದರಿಂದಲೇ ಪಟಕಿ ಬರಲಾರದೆಂದು ತೋರಿಸಲು ಅಣುಗಳು ತುಂಬಿದ ದ್ರವವನ್ನು ಕುಡಿದು, ಸಣ್ಣ ಭೇದಿಯಲ್ಲಿ ಪಾರಾದನು. ಒಬ್ಬನು ಅಣುವನ್ನು ಅಲ್ಲಗಳೆಯಲು ತನ್ನ ಮೈಯನ್ನು ಒಡ್ಡಿದನು. ಇನ್ನೊಬ್ಬನು ಅದನ್ನು ಪಳಗಿಸಲು ಒಡ್ಡಿದನು.

ಆ ವರ್ಷ ರಷ್ಯದಲ್ಲಿ ಪಟಕಿಯ ಹಾವಳಿ ಘೋರವಾಗಿತ್ತು. ಹಾಫ್‌ಕಿನ್ನನು ತನ್ನ ಮದ್ದನ್ನು ಹುಟ್ಟುನಾಡಿಗೆ ಕೊಡಲು ಮುಂದಾದನು. ಹುಟ್ಟುನಾಡು ಬೇಡವೆಂದಿತು. ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವನು ಹಿಂದೆ ಇಲ್ಲಿ ವೈಸರಾಯನಾಗಿದ್ದ ಡಫರಿನ್ ಪ್ರಭು. ಆತನ ನೆರವಿನಿಂದ ಭಾರತಕ್ಕೆ ಬರುವ ಹಾದಿ ತೆರೆಯಿತು. 1893ರ ವಸಂತದಲ್ಲಿ ಹಾಫ್‌ಕಿನ್ನನು ಕಲ್ಕತ್ತೆಯಲ್ಲಿ ಇಳಿದನು.

ಇಲ್ಲಿ ಆತನನ್ನು ಯಾರು ನಂಬಬೇಕು? ಸರಕಾರಿ ವೈದ್ಯರಿಗೆ ಆತನು ವೈದ್ಯ ಪದವಿಯಿಲ್ಲದ ಪ್ರಾಣಿಶಾಸ್ತ್ರಿ, ಅಧಿಕಾರಿಗಳಿಗೆ ರಷ್ಯದವನು, ಜನರಿಗೆ ಸೂಜಿ ಹಿಡಿದ ಬಿಳಿಯನು. ಆದರೂ ಆಗ್ರಾದಿಂದ ಮೊದಲುಗೊಂಡು ಉತ್ತರ ಭಾರತದ ದಂಡಿನ ಠಾಣೆಗಳು, ಸೆರೆಮನೆಗಳು, ಚಹದ ತೋಟಗಳನ್ನು ಸುತ್ತಿದನು. 1894ರಲ್ಲಿ ಕಲ್ಕತ್ತೆಯ ಕಟ್ಟಲ್ ಬಾಗಾನ್ ಎಂಬ ಕೊಳಗೇರಿಯಲ್ಲಿ ಎರಡು ಕೆರೆಗಳ ಸುತ್ತ ಪಟಕಿ ಕಾಣಿಸಿಕೊಂಡಿತು. ಸುಮಾರು 200 ಜನರಲ್ಲಿ 116 ಜನ ಸೂಜಿ ಚುಚ್ಚಿಸಿಕೊಂಡರು. ಆಮೇಲೆ ಬೇನೆ ಬಿದ್ದವರೆಲ್ಲರೂ ಚುಚ್ಚಿಸಿಕೊಳ್ಳದೆ ಉಳಿದವರ ಪೈಕಿಯವರೇ ಆಗಿದ್ದರು. ಆತನ ಜೊತೆಗೆ ದುಡಿದವರಲ್ಲಿ ಭಾರತೀಯ ವೈದ್ಯರೂ ಇದ್ದರು. ಜನರೊಡನೆ ಜನರ ಮಾತಿನಲ್ಲಿ ಆಡಿ ಭಯ ಬಿಡಿಸುವ ಕೆಲಸ ಅವರಿಲ್ಲದೆ ಆಗುತ್ತಿರಲಿಲ್ಲ. ಎರಡೂವರೆ ವರ್ಷಗಳಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ ಬಳಿಕ ಮಲೇರಿಯ ಜ್ವರದಿಂದ ಮೈ ಸೋತು ಹಾಫ್‌ಕಿನ್ನನು ಯುರೋಪಿಗೆ ಹಿಂದಿರುಗಿದನು.

ಆತನ ದೊಡ್ಡ ಗುಣವೆಂದರೆ ತನ್ನ ಮದ್ದಿನ ಕೊರತೆಯನ್ನು ತಾನೇ ಎಣಿಸಿ ಹೇಳಿದುದು. ಚುಚ್ಚಿಸಿಕೊಂಡವರಿಗೆ ಬೇನೆ ಬರುವುದು ಕಡಿಮೆ. ಆದರೆ ಬಂದರೆ ಸಾಯುವವರ ಪ್ರಮಾಣ ಕಡಿಮೆಯಲ್ಲ ಎಂಬುದನ್ನು ಆತನು ಮುಚ್ಚಿಡಲಿಲ್ಲ. ಪಟಕಿಯ ಅಣುವು ರಕ್ತಕ್ಕೆ ಇಳಿಯದೆ ಕರುಳಿನ ಗೋಡೆಗೇ ಅಂಟಿ ನಿಲ್ಲುತ್ತದೆ. ತೋಳಿಗೆ ಚುಚ್ಚಿದ ಮದ್ದು ಎಬ್ಬಿಸುವ ಕಾವಲು ಹೆಚ್ಚಾಗಿ ರಕ್ತದಲ್ಲಿರುತ್ತದೆ. ಆದುದರಿಂದಲೇ ಚುಚ್ಚುವ ಲಸಿಕೆಯ ರಕ್ಷಣೆ ಅಲ್ಪವೂ ಅಲ್ಪಕಾಲದ್ದೂ ಆಯಿತೆಂದು ಇಂದು ಬಲ್ಲವರು ಹೇಳುತ್ತಾರೆ. ಈಗ ಕೊಡುವುದು ಬಾಯಿಯ ಮೂಲಕ, ಕರುಳಿನಲ್ಲಿಯೇ ಕಾವಲು ನಿಲ್ಲಿಸುವ ಲಸಿಕೆ.

1896ರಲ್ಲಿ ಹಾಫ್‌ಕಿನ್ನನು ಭಾರತಕ್ಕೆ ಮರಳಿ ಬಂದನು. ಆ ವರ್ಷವೇ ಮುಂಬಯಿಯಲ್ಲಿ ಪ್ಲೇಗು ಕಾಣಿಸಿತು. ಸರಕಾರವು ಆತನನ್ನು ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಆತನ ಪ್ರಯೋಗಶಾಲೆ. ಮಾಂಸದ ತಿಳಿಸಾರಿನ ಮೇಲೆ ನಮ್ಮ ಮನೆಗಳ ತುಪ್ಪದ ಹನಿಗಳನ್ನು ತೇಲಿಸಿ, ಅವುಗಳಿಂದ ಜೋತು ಬೀಳುವಂತೆ ಪ್ಲೇಗಿನ ಅಣುಗಳನ್ನು ಬೆಳೆಸಿ, ಶಾಖದಿಂದ ಕೊಂದು ಮದ್ದು ಮಾಡಿದನು. ಪಟಕಿಯ ಮದ್ದಿನಿಂದ ಕಲಿತ ಪಾಠವನ್ನು ಇಲ್ಲಿ ಬಳಸಿದನು: ಅಣುವಿನ ದೇಹವನ್ನಷ್ಟೇ ಅಲ್ಲದೆ ಅದು ಹೊರಬಿಟ್ಟ ನಂಜನ್ನೂ ಸೇರಿಸಿದರೆ ಬೇನೆಯೂ ಸಾವೂ ಎರಡೂ ತಗ್ಗಬಹುದೆಂದು ಬಗೆದನು. 1897ರ ಜನವರಿ 10ರಂದು ಮತ್ತೆ ಮೊದಲ ಚುಚ್ಚು ತನಗೇ. ಅದೇ ತಿಂಗಳು ಭಾಯಖಳದ ಸೆರೆಮನೆಯಲ್ಲಿ ತಾವಾಗಿ ಮುಂದೆ ಬಂದ ಕೈದಿಗಳಿಗೆ ಮದ್ದು ಕೊಟ್ಟಾಗ ಅದರ ಫಲ ಕಣ್ಣಿಗೆ ಕಂಡಿತು. ಆಗಾಖಾನರಂಥ ಹಿರಿಯರು ನೆರವಿಗೆ ಬಂದರು.

ನಮ್ಮ ಕಡೆಯ ಜನರಿಗೆ ಹಾಫ್‌ಕಿನ್ನನ ಮದ್ದು ಮುಟ್ಟಿದುದು ಈ ಪ್ಲೇಗಿನಲ್ಲಿ. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ರೈಲು ಹರಿದ ಕಡೆಯೆಲ್ಲ ಪ್ಲೇಗೂ ಹರಿಯಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದ ಕಥೆಯನ್ನು ನಮ್ಮ ಅಜ್ಜಿಯಂದಿರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಉಲ್ಬಣಿಸಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಸುಮಾರು 38,000 ಜನರಿಗೆ ಈ ಮದ್ದನ್ನು ಚುಚ್ಚಿದನು. ಒಂದು ಊರಿನ ಬಹುಪಾಲು ಜನರು ಹೀಗೆ ತೋಳೊಡ್ಡಿದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಹುಬ್ಬಳ್ಳಿಯ ಅಂಕಿಗಳು ಲಂಡನ್ನಿನ ಪಂಡಿತರ ಮುಂದೆ ಹಾಫ್‌ಕಿನ್ನನ ಪರವಾದ ಸಾಕ್ಷಿಯಾದವು. 1899ರಲ್ಲಿ ಆತನ ಪ್ರಯೋಗಶಾಲೆಗೆ ಪರೇಲಿನ ಹಳೆಯ ಗವರ್ನರನ ಬಂಗಲೆ ದೊರೆಯಿತು. ರಾಣಿಯ ಬಿರುದೂ ಬಂದಿತ್ತು. ಅಲೆದಾಡಿದವನಿಗೆ ಕೊನೆಗೊಂದು ಮನೆ ಸಿಕ್ಕಿತೆಂದೇ ಎಲ್ಲರೂ ತಿಳಿದರು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗಿನ ಮದ್ದನ್ನು ಚುಚ್ಚಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಪಡೆದ 19 ಜನರಿಗೆ ಧನುರ್ವಾಯು ಹಿಡಿಯಿತು. 19 ಜನರೂ ಸತ್ತರು. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಬೇಡಿಕೆ ವಿಪರೀತವಾಗಿದ್ದ ಆ ದಿನಗಳಲ್ಲಿ ಹಾಫ್‌ಕಿನ್ನನು ಮದ್ದಿಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದನ್ನು ಬಿಟ್ಟು, ಶಾಖದಿಂದಷ್ಟೇ ಶುದ್ಧಿ ಮಾಡುವ ಕ್ರಮವನ್ನು ಹಿಡಿದಿದ್ದನು. ಇದೇ ಆತನ ಕೊರಳಿಗೆ ಉರುಳಾಯಿತು. ವಿಷವು ಮುಂಬಯಿಯಲ್ಲಿಯೇ ಸೀಸೆಗೆ ಸೇರಿತೆಂದು ವಿಚಾರಣೆಯ ಸಮಿತಿ ತೀರ್ಮಾನಿಸಿತು. ಹಾಫ್‌ಕಿನ್ನನು ಕೆಲಸ ಕಳೆದುಕೊಂಡು ಯುರೋಪಿಗೆ ಹೋದನು.

ಆದರೆ ಸಾಕ್ಷ್ಯಗಳು ಬೇರೆಯೇ ಕಥೆಯನ್ನು ಹೇಳುತ್ತಿದ್ದವು. ಆ ದಿನ ಸೀಸೆಯ ಬಿರಡೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಅಣು ಮಣ್ಣಿನಲ್ಲಿರುವ ಅಣು. ಅದು ಮುಂಬಯಿಯಿಂದಲೇ ಸೀಸೆಯೊಳಗೆ ಬೆಳೆದು ಬಂದಿದ್ದರೆ ತೆರೆದೊಡನೆ ದುರ್ವಾಸನೆ ಹೊಡೆಯಬೇಕಾಗಿತ್ತು; ಅಂಥ ವಾಸನೆ ಇರಲಿಲ್ಲ. ಈ ಮಾತುಗಳನ್ನು ಲೋಕದ ಮುಂದಿಡಲು ವರ್ಷಗಳು ಬೇಕಾದವು. ಮಲೇರಿಯದ ಗುಟ್ಟನ್ನು ಭೇದಿಸಿದ ರೊನಾಲ್ಡ್ ರಾಸ್‌ನು ಮುಂದೆ ನಿಂತನು. 1907ರ ಜುಲೈಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಹಾಫ್‌ಕಿನ್ನನ ನಿರ್ದೋಷಿತ್ವವನ್ನು ಸಾರಿದರು. ಆ ವರ್ಷದ ಕೊನೆಗೆ ಸರಕಾರವು ಆತನನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಕರೆದರೇನು? ಆತನು ಕಟ್ಟಿದ ಪರೇಲಿನ ಸಂಸ್ಥೆಯಲ್ಲಿ ಆತನ ಪೀಠ ಆತನಿಗೆ ಉಳಿದಿರಲಿಲ್ಲ. ಕಲ್ಕತ್ತೆಗೆ ಹೋಗಿ, ದೊಡ್ಡ ಪ್ರಯೋಗಗಳಿಗೆ ಅವಕಾಶವಿಲ್ಲದೆ, ಮೊದಲನೆಯ ಮಹಾಯುದ್ಧದ ಹೊತ್ತಿಗೆ ನಿವೃತ್ತನಾಗಿ ಫ್ರಾನ್ಸಿಗೆ ಮರಳಿದನು. ಮದುವೆಯಾಗಲಿಲ್ಲ. ಯಾವ ಮತಕ್ಕಾಗಿ ಪೀಠವನ್ನು ಬಿಟ್ಟಿದ್ದನೋ ಆ ಮತದ ಆಚಾರಗಳಲ್ಲಿ ಮುಪ್ಪಿನ ದಿನಗಳನ್ನು ಕಳೆದನು. ಗಳಿಸಿದ ಹಣವನ್ನು ಪೂರ್ವ ಯುರೋಪಿನ ಯೆಹೂದಿ ವಿದ್ಯಾಲಯಗಳಿಗೆ ಮುಡಿಪಾಗಿಟ್ಟನು. 1925ರಲ್ಲಿ ಮುಂಬಯಿಯ ಸಂಸ್ಥೆಗೆ ಆತನ ಹೆಸರನ್ನು ಇಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡನು. ಭಾರತ ಸರಕಾರವು 1964ರಲ್ಲಿ ಆತನ ಚಿತ್ರದ ಅಂಚೆ ಚೀಟಿಯನ್ನು ಹೊರಡಿಸಿತು.

ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥಗಳಿವೆ: ಬೇರೆ ನಾಡಿನಿಂದ ಬಂದವನು ಒಂದು, ದಿಕ್ಕಿಲ್ಲದವನು ಇನ್ನೊಂದು. ಹಾಫ್‌ಕಿನ್ನನು ಎರಡೂ ಅರ್ಥದಲ್ಲಿ ಪರದೇಶಿಯಾಗಿದ್ದನು. ಹೊಕ್ಕ ಒಡಲಿಗೆ ತಕ್ಕಂತೆ ತನ್ನನ್ನು ಮಾರ್ಪಡಿಸಿಕೊಂಡು ಬಾಳುವ ಅಣುವನ್ನು ಬೆನ್ನಟ್ಟಿದ ಆತನು ತಾನು ಮಾತ್ರ ಯಾವ ನೆಲಕ್ಕಾಗಿಯೂ ತನ್ನನ್ನು ಮಾರ್ಪಡಿಸಿಕೊಳ್ಳಲಿಲ್ಲ. ರಷ್ಯಕ್ಕಾಗಿ ಮತವನ್ನು ಬಿಡಲಿಲ್ಲ. ಗೆಲುವಿಗಾಗಿ ಅಂಕಿಗಳನ್ನು ತಿದ್ದಲಿಲ್ಲ. ಅದರ ಬೆಲೆಯನ್ನು ತಾನೇ ತೆತ್ತನು.

ಮುಲ್ಕೋವಾಲದ 19 ಜನರ ಸಾವನ್ನೂ ನಾವು ಮರೆಯಲಾಗದು. ನೆಲಕ್ಕೆ ಬಿದ್ದ ಒಂದು ಚಿಮಟ, ಒಂದು ಕ್ಷಣದ ಅವಸರ ಎಷ್ಟು ಮನೆಗಳ ದೀಪವನ್ನು ಆರಿಸಬಲ್ಲದೆಂಬುದಕ್ಕೆ ಅದು ಸಾಕ್ಷಿ. ಶುಚಿಯೆಂಬುದು ಮಡಿಯ ಮಾತಲ್ಲ, ಪ್ರಾಣದ ಮಾತು.

2019ರ ಆಗಸ್ಟಿನಲ್ಲಿ ಘಟಪ್ರಭೆಯ ಮಹಾಪೂರ ಗೋಕಾಕದ ಓಣಿಗಳಿಗೆ ನುಗ್ಗಿತು. ಮೂಡಲಗಿ ಸೀಮೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ಹೊಳೆಯ ನೀರೂ ಚರಂಡಿಯ ನೀರೂ ಕುಡಿಯುವ ನೀರೂ ಒಂದಾಗುವ ಇಂಥ ಹೊತ್ತೇ ಪಟಕಿಯ ಅಣುವಿಗೆ ಹಬ್ಬ. ಅದು ಇನ್ನೂ ಲೋಕದಿಂದ ಹೋಗಿಲ್ಲ, ಒಡಲಿಗಾಗಿ ಕಾದಿದೆ. ನೀರನ್ನು ಕುದಿಸಿ ಆರಿಸಿ ಕುಡಿಯುವುದು, ಕೈತೊಳೆದು ಉಣ್ಣುವುದು, ಭೇದಿ ಹತ್ತಿದವನಿಗೆ ತಡಮಾಡದೆ ಉಪ್ಪು ಸಕ್ಕರೆಯ ನೀರು ಕುಡಿಸುತ್ತ ಆಸ್ಪತ್ರೆಗೆ ಒಯ್ಯುವುದು: ಇವು ಸಣ್ಣ ಕೆಲಸಗಳೆಂದು ತೋರಬಹುದು. ಈ ಸಣ್ಣ ಕೆಲಸಗಳ ಹಿಂದೆ ಎಷ್ಟು ಜೀವಗಳ ದುಡಿಮೆಯಿದೆಯೆಂಬುದನ್ನು ನೆನೆದರೆ ಸಾಕು; ಪರದೇಶಿಗೆ ನಮ್ಮ ಮನೆಯಲ್ಲಿ ಒಂದು ಮಣೆ ಹಾಕಿದಂತಾಗುತ್ತದೆ.